ನಡುಗೋಡೆಯ ಎರಡು ಮೈ: ಹಳೆಯ ಮನೆಯೊಂದರ ದುರಸ್ತಿ

ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರಲ್ಲಿ ಹೆಚ್ಚಿನವರು ಆ ಮನೆಯ ಚರಿತ್ರೆಯನ್ನು ಹುಡುಕಲು ಹೊರಡುವುದು ಕೆಲಸ ಮುಗಿದ ಮೇಲೆ. ಅಷ್ಟರಲ್ಲಿ ಸಾಕ್ಷ್ಯದ ಬಹುಪಾಲು ಒಡೆದ ಗಾರೆಯ ಜೊತೆ ಸಾಗಿಹೋಗಿರುತ್ತದೆ. ನಾನು ಕೊಂಡ ಮನೆ ನನ್ನ ಮನೆತನದ್ದಲ್ಲ. ಅಲ್ಲಿ ತಲೆಮಾರುಗಳಿಂದ ಬಾಳಿದ್ದ ಕುಟುಂಬ ಅಣ್ಣತಮ್ಮಂದಿರ ಎರಡು ಕವಲುಗಳಾಗಿ ಒಡೆದು, ಎರಡೂ ಕವಲಿನವರು ಬೇರೆ ಊರುಗಳಲ್ಲಿ ನೆಲೆಸಿದ್ದರು. ಆದುದರಿಂದ ಸುತ್ತಿಗೆ ಎತ್ತುವುದಕ್ಕೆ ಮೊದಲೇ ಒಂದು ದಪ್ಪ ಪುಸ್ತಕ ತಂದು, ಪ್ರತಿ ಪುಟದಲ್ಲೂ ಮೂರು ಅಂಕಣಗಳನ್ನು ಎಳೆದೆ: ಕಂಡದ್ದು, ಕಾಗದದಲ್ಲಿರುವುದು, ಕೇಳಿದ್ದು. ಒಂದು ಅಂಕಣದ ಮಾತು ಇನ್ನೊಂದಕ್ಕೆ ಹರಿಯಬಾರದು ಎಂಬುದಷ್ಟೇ ನಿಯಮ. ಕೋಣೆಗೊಂದು ಸಂಖ್ಯೆ ಮತ್ತು ಗೋಡೆಗೊಂದು ದಿಕ್ಕಿನ ಹೆಸರು ಕೊಟ್ಟು, ಯಾವುದನ್ನು ಕೀಳುವುದಿದ್ದರೂ ಮೊದಲು ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆಯಬೇಕೆಂದು ಕೆಲಸಗಾರರಿಗೂ ಹೇಳಿಟ್ಟೆ.

ಮನೆಯ ದೊಡ್ಡ ಹಜಾರವನ್ನು ಒಂದು ಗೋಡೆ ಸರಿಯಾಗಿ ಎರಡಾಗಿ ಸೀಳಿತ್ತು. ತಂದೆ ತೀರಿಕೊಂಡ ಮೇಲೆ ಮಕ್ಕಳು ಜಗಳವಾಡಿ ಅದನ್ನು ಎಬ್ಬಿಸಿದರೆಂಬುದು ಎರಡೂ ಕವಲಿನ ಕಿರಿಯರು ಹೇಳುತ್ತಿದ್ದ ಕಥೆ. ಮೇಸ್ತ್ರಿಯವರಿಗೆ ಅದನ್ನು ಕೆಡವಿ ಹಜಾರವನ್ನು ಮೊದಲಿನಂತೆ ಮಾಡಿಬಿಡುವ ಉತ್ಸಾಹ. ನಾನು ಮಾತ್ರ ಆ ಗೋಡೆ ಹೊರಗೋಡೆಯನ್ನು ಸೇರುವ ಮೂಲೆಯಲ್ಲಿ ಅಂಗೈಯಗಲದಷ್ಟು ಗಿಲಾವನ್ನು ಉಳಿಯಿಂದ ನಿಧಾನವಾಗಿ ಬಿಡಿಸಿದೆ. ಎರಡು ಗೋಡೆಗಳು ಒಟ್ಟಿಗೆ ಎದ್ದಿದ್ದರೆ ಮೂಲೆಯಲ್ಲಿ ಇಟ್ಟಿಗೆಗಳು ಒಂದರೊಳಗೊಂದು ಹಲ್ಲು ಕಚ್ಚಿಕೊಂಡಿರುತ್ತವೆ. ಇಲ್ಲಿ ಹಾಗಿರಲಿಲ್ಲ. ಹೊರಗೋಡೆಯ ಗಿಲಾವು, ಅದರ ಮೇಲೆ ಬಳಿದ ಸುಣ್ಣದ ಪದರಗಳ ಸಮೇತ, ನಡುಗೋಡೆಯ ಹಿಂದೆ ಅಡಗಿಕೊಂಡು ಮುಂದುವರಿದಿತ್ತು. ಚೂಪಾದ ಅಲಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕೆರೆದು ಭೂತಗನ್ನಡಿಯಲ್ಲಿ ನೋಡಿದಾಗ ನಡುಗೋಡೆಯ ಹಿಂದೆ ಐದು ಪದರಗಳು ಕಂಡವು. ತೆರೆದ ಭಾಗದಲ್ಲಿ ಅದೇ ಐದರ ಮೇಲೆ ಇನ್ನೂ ಎಷ್ಟೋ ಪದರಗಳಿದ್ದವು. ಎಂದರೆ ಐದು ಸಲ ಸುಣ್ಣ ಕಂಡ ಹಜಾರವನ್ನು ಆಮೇಲೆ ವಿಭಾಗಿಸಲಾಗಿದೆ. ಪದರಗಳು ವರ್ಷಗಳಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಅವು ಹಿಂದು ಮುಂದನ್ನು ಹೇಳುತ್ತವೆಯೇ ಹೊರತು ಇಸವಿಯನ್ನಲ್ಲ. ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚಾದ್ದರಿಂದ ಒಣ ಉಜ್ಜುಕಾಗದವನ್ನಾಗಲಿ, ಬಣ್ಣ ಸುಡುವ ಜ್ವಾಲೆಯನ್ನಾಗಲಿ ಹತ್ತಿರ ಬಿಡದೆ, ನೀರು ಚಿಮುಕಿಸಿಕೊಂಡು, ಮುಖವಾಡ ಧರಿಸಿ ಈ ಕೆಲಸ ಮಾಡಬೇಕು.

ಇಸವಿಗಾಗಿ ಕಾಗದಪತ್ರಗಳನ್ನು ಬಿಡಿಸಿದೆ. ವಿಭಾಗಪತ್ರವನ್ನು ಓದುವವರು ಸಾಮಾನ್ಯವಾಗಿ ಹೆಸರು, ಪಾಲು, ಸಹಿಗಳನ್ನು ನೋಡಿ ಮಡಿಚಿಡುತ್ತಾರೆ. ನನಗೆ ಉಪಯೋಗಕ್ಕೆ ಬಂದದ್ದು ಯಾರೂ ಓದದ ಚಕ್ಕುಬಂದಿಯ ಭಾಗ. ಅಲ್ಲಿ ತಮ್ಮನ ಪಾಲಿನ ಗಡಿಯನ್ನು ‘ಹಾಲಿ ಇರುವ ನಡುಗೋಡೆ’ ಎಂದು ಬರೆದಿತ್ತು. ಪತ್ರವಾಗುವ ಹೊತ್ತಿಗೆ ಗೋಡೆ ಆಗಲೇ ನಿಂತಿತ್ತು ಎಂದಾಯಿತು. ಜಗಳದಿಂದ ಗೋಡೆ ಎದ್ದಿತೆಂಬ ಕಥೆಯ ಕಾಲು ಅಲ್ಲಿಗೇ ಸಡಿಲವಾಯಿತು.

ಆ ಮೇಲೆ ತಮ್ಮನ ಸೊಸೆಯಾಗಿ ಆ ಮನೆಗೆ ಬಂದು ಈಗ ಮುಪ್ಪಾಗಿರುವ ಅಜ್ಜಿಯವರನ್ನು ಮನೆಗೇ ಕರೆಸಿದೆ. ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ಇಸವಿ ಕೇಳಿದರೆ ಅವರು ಕಂಗಾಲಾಗುತ್ತಾರೆ, ಇಲ್ಲವೇ ನಮಗೆ ಬೇಕಾದ ಉತ್ತರವನ್ನು ಊಹಿಸಿ ಕೊಟ್ಟುಬಿಡುತ್ತಾರೆ. ಜೊತೆಯಲ್ಲಿ ಕೋಣೆಯಿಂದ ಕೋಣೆಗೆ ನಡೆಯುತ್ತ, ಇದು ನಿಮ್ಮ ಮದುವೆಗೆ ಮೊದಲೇ ಇತ್ತೇ, ದೊಡ್ಡ ಮಗ ಹುಟ್ಟುವ ಹೊತ್ತಿಗೆ ಇಲ್ಲಿ ಯಾರು ಮಲಗುತ್ತಿದ್ದರು ಎಂಬಂಥ ಪ್ರಶ್ನೆಗಳನ್ನು ಕೇಳುವುದೇ ಮೇಲು. ನಾನು ಗಿಲಾವು ಬಿಡಿಸಿದ್ದ ಮೂಲೆಯ ಮೇಲೆ ಕೈಯಿಟ್ಟು ಅಜ್ಜಿ ಹೇಳಿದರು: “ಈ ಗೋಡೆ ಕಟ್ಟಿಸಿದ್ದು ನಮ್ಮ ಮಾವನ ಅಪ್ಪನೇ ಕಣಪ್ಪ. ತಾನಿರುವಾಗಲೇ ಬೇರೆ ಬೇರೆ ಒಲೆ ಹೂಡಿಕೊಳ್ಳಲಿ, ಆಮೇಲೆ ಕಿತ್ತಾಡೋದು ಬೇಡ ಅಂತ ಕಟ್ಟಿಸಿದ್ರಂತೆ.” ಈ ಮಾತನ್ನು ಅಣ್ಣನ ಕವಲಿನ ಹಿರಿಯರೊಬ್ಬರ ಮುಂದಿಡದೆ, ಅವರನ್ನು ಬೇರೆಯಾಗಿ ಕೇಳಿದಾಗಲೂ ಇದೇ ಉತ್ತರ ಬಂತು. ಜಗಳದ ಕಥೆ ಮುಂದಿನ ತಲೆಮಾರಿನಲ್ಲಿ ಸೇರಿಕೊಂಡದ್ದು.

ಗೋಡೆಯ ಎರಡು ಮೈಗಳೂ ಒಂದೇ ರೀತಿ ಇರಲಿಲ್ಲ. ಅಣ್ಣನ ಕಡೆ ಸುಣ್ಣದ ಮೇಲೆ ಎಣ್ಣೆಬಣ್ಣದ ಪದರಗಳು ಒಂದರ ಮೇಲೊಂದು ಬಿದ್ದಿದ್ದವು. ತಮ್ಮನ ಕಡೆ ಕೊನೆಯವರೆಗೂ ಬರೀ ಸುಣ್ಣ. ತಮ್ಮನಿಗೆ ಕೈ ಸಾಗಲಿಲ್ಲ ಎಂದು ಯಾರಾದರೂ ತೀರ್ಮಾನಿಸಬಹುದಾದ ಜಾಗವಿದು. ಪುಸ್ತಕದಲ್ಲಿ ಪದರಗಳ ವಿವರವನ್ನಷ್ಟೇ ಬರೆದು, ಕಾರಣದ ಜಾಗವನ್ನು ಖಾಲಿ ಬಿಟ್ಟಿದ್ದೆ. ಉಬ್ಬಸವಿದ್ದ ಅತ್ತೆಗೆ ಬಣ್ಣದ ವಾಸನೆ ಆಗುತ್ತಿರಲಿಲ್ಲವೆಂದು ಅಜ್ಜಿ ಹೇಳಿದ ಮೇಲೆ ಅದು ತುಂಬಿತು.

ಅದೇ ಗೋಡೆಯಲ್ಲಿ, ಸೊಂಟದ ಎತ್ತರದಲ್ಲಿ, ಮುಚ್ಚಿಹೋಗಿದ್ದ ಒಂದು ಕಿಂಡಿ ಸಿಕ್ಕಿತು. ಸುತ್ತಲಿನ ಇಟ್ಟಿಗೆಗಳನ್ನು ಅಳತೆಗೆ ಕತ್ತರಿಸಿ ಅಂಚು ಕಟ್ಟಿ, ಮೇಲೆ ಮರದ ಪಟ್ಟಿಯನ್ನು ಗೋಡೆಯೊಳಕ್ಕೆ ಹೂತು ಕೂರಿಸಿದ್ದರಿಂದ ಅದು ಗೋಡೆಯ ಜೊತೆಯಲ್ಲೇ ಹುಟ್ಟಿದ ಕಿಂಡಿ, ಆಮೇಲೆ ಕೊರೆದದ್ದಲ್ಲ. ಪಾತ್ರೆಯೊಂದು ಈ ಕಡೆಯಿಂದ ಆ ಕಡೆಗೆ ದಾಟುವಷ್ಟು ಅಗಲ. ಗೋಡೆಯ ಗಾರೆ ಉಗುರಿಗೆ ಉದುರುವ ಬಿಳಿ ಸುಣ್ಣದ್ದಾದರೆ, ಕಿಂಡಿಯನ್ನು ತುಂಬಿದ್ದು ಬೂದುಬಣ್ಣದ ಗಟ್ಟಿ ಸಿಮೆಂಟಿನಲ್ಲಿ. ಒಂದು ಕಡೆ ಸಂದುಗಳನ್ನು ಕರಣೆಯಿಂದ ಸವರಿ ನಯ ಮಾಡಿದ್ದರು; ಇನ್ನೊಂದು ಕಡೆ, ಗಿಲಾವಿನ ಅಡಿಯಲ್ಲಿ, ಸಿಮೆಂಟು ಹಿಂಡಿದಂತೆ ಹೊರಗೆ ಉಬ್ಬಿ ಹಾಗೆಯೇ ಗಟ್ಟಿಯಾಗಿತ್ತು. ಕೆಲಸದವನು ನಯವಾದ ಕಡೆ ನಿಂತಿದ್ದನೆಂಬುದು ಇದರಿಂದ ಸ್ಪಷ್ಟ. ಆ ಕಡೆ ತಮ್ಮನದು. ಅಜ್ಜಿ ಅದನ್ನು ನೋಡಿ “ಮುಚ್ಚಿಸಿದ್ದು ನಾವೇ” ಎಂದರು, ಕಾರಣವನ್ನೂ ಹೇಳಿದರು, ಬರೆಯಬಾರದೆಂದೂ ಕೇಳಿಕೊಂಡರು. ಕೇಳಿದ್ದನ್ನೆಲ್ಲ ದಾಖಲಿಸಬೇಕೆಂಬ ಹಟ ನನಗಿಲ್ಲ. ಮನೆಯನ್ನು ಕೊಂಡವನಿಗೆ ಮನೆತನದ ಮಾತಿನ ಮೇಲೆ ಹಕ್ಕು ಬರುವುದಿಲ್ಲ. ಆದ್ದರಿಂದ ಆ ಅಂಕಣ ಇಂದಿಗೂ ಖಾಲಿಯಿದೆ.

ಉಳಿದ ಸಾಕ್ಷ್ಯಗಳು ಇಷ್ಟು ತೊಡಕಿನವಲ್ಲ. ಹಜಾರದ ದೊಡ್ಡ ತೊಲೆಯಲ್ಲಿ ಯಾವ ಮರವೂ ಬಂದು ಸೇರದ ಖಾಲಿ ಕುಳಿಗಳಿದ್ದವು. ಇನ್ನೊಂದು ಕಟ್ಟಡವನ್ನು ಬಿಚ್ಚಿ ತಂದ ಮರಕ್ಕೆ ಇದು ಸಾಮಾನ್ಯ ಲಕ್ಷಣ. ತೊಲೆಯ ವಯಸ್ಸನ್ನೇ ಮನೆಯ ವಯಸ್ಸೆಂದು ಹಿಡಿಯುವುದು ಇಂಥಲ್ಲಿ ಸಲ್ಲದು. ಚೌಕಾಕಾರದ ಮೈಯುಳ್ಳ, ತಲೆಯನ್ನು ಬಡಿದು ಚಪ್ಪಟೆ ಮಾಡಿದ ಮೊಳೆಗಳು ಕಮ್ಮಾರನ ಕೈಕೆಲಸ; ಗುಂಡು ಮೈಯ ತಂತಿಮೊಳೆಗಳು ವ್ಯಾಪಕವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ. ತಲೆಯಲ್ಲಿ ಕೂಡಿಸುವ ಚಿಹ್ನೆಯ (+) ಆಕಾರದ ಗುಳಿಯಿರುವ ಸ್ಕ್ರೂ ಕಂಡರೆ ಆ ಕೆಲಸ 1930ರ ದಶಕದ ನಡುಭಾಗಕ್ಕಿಂತ ಹಿಂದಿನದಲ್ಲ. ಕಿಟಕಿಯ ಗಾಜು ಅಲೆಅಲೆಯಾಗಿದ್ದರೆ ಅದು ಕಾಲಕ್ರಮದಲ್ಲಿ ಕೆಳಕ್ಕೆ ಹರಿದದ್ದೆಂದು ಹೇಳುವವರು ಈಗಲೂ ಇದ್ದಾರೆ. ಅದು ತಯಾರಿಕೆಯಲ್ಲೇ ಬಂದ ಓರೆಕೋರೆ. ಕರಗಿದ ತವರದ ಮೇಲೆ ತೇಲಿಸಿ ಸಮತಟ್ಟಾದ ಗಾಜು ಮಾಡುವ ವಿಧಾನ ಪ್ರಕಟವಾದದ್ದೇ 1959ರಲ್ಲಿ.

ನಡುಗೋಡೆಯನ್ನು ಏನು ಮಾಡುವುದೆಂಬ ಪ್ರಶ್ನೆಗೆ ಚರಿತ್ರೆಗಿಂತ ಮೊದಲು ಎಂಜಿನಿಯರ್ ಉತ್ತರ ಕೊಟ್ಟರು. ಭಾರ ಹೊರಲೆಂದು ಕಟ್ಟದ ಗೋಡೆಯೂ, ಮೇಲಿನ ತೊಲೆ ಬಾಗುತ್ತ ಬಂದಂತೆ, ಕ್ರಮೇಣ ಅದಕ್ಕೆ ಆಸರೆಯಾಗಿಬಿಡುತ್ತದೆ. ಇಲ್ಲಿ ತೊಲೆ ಗೋಡೆಯ ನೆತ್ತಿಯ ಮೇಲೆ ಕೂತಿತ್ತು. ಊರೆ ಕೊಡದೆ ಕೆಡವಿದ್ದರೆ ಮಾಡೇ ಕುಸಿಯುವ ಅಪಾಯವಿತ್ತು. ಊರೆ ಕೊಟ್ಟು ಕೆಡವುವುದು ಸಾಧ್ಯವಿದ್ದರೂ ನಾನು ಒಪ್ಪಲಿಲ್ಲ. ಸ್ಮಾರಕಗಳ ಸಂರಕ್ಷಣೆಗೆಂದು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದಿನ ಹನ್ನೊಂದನೆಯ ವಿಧಿ, ಕಟ್ಟಡಕ್ಕೆ ಎಲ್ಲ ಕಾಲಗಳೂ ಕೊಟ್ಟ ಯೋಗ್ಯ ಕೊಡುಗೆಯನ್ನು ಗೌರವಿಸಬೇಕು, ಶೈಲಿಯ ಏಕರೂಪತೆ ಜೀರ್ಣೋದ್ಧಾರದ ಗುರಿಯಲ್ಲ ಎನ್ನುತ್ತದೆ. ಅದನ್ನು ಬರೆದದ್ದು ಸ್ಮಾರಕಗಳನ್ನು ಮನಸ್ಸಿನಲ್ಲಿಟ್ಟುಕೊಂಡಾದರೂ ವಾಸದ ಮನೆಗೆ ಅದು ಇನ್ನೂ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಗೋಡೆ ಉಳಿಯಿತು. ಎರಡೂ ಮೈಗಳಿಗೆ ಆಯಾ ಕಡೆಯ ಕೊನೆಯ ಬಣ್ಣವನ್ನೇ ಹೊಂದಿಸಿದೆವು. ಕಿಂಡಿಯನ್ನು ತೆರೆಯದೆ, ಅದರ ಮೇಲಿನ ಗಿಲಾವನ್ನು ಕೂದಲೆಳೆಯಷ್ಟು ಒಳಕ್ಕೆ ಸರಿಸಿ, ಆಕಾರ ಕಾಣುವಂತೆ ಮಾಡಿಸಿದೆ.

ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ಅದೇ ಸನ್ನದಿನ ಒಂಬತ್ತನೆಯ ವಿಧಿ ಹೇಳುತ್ತದೆ. ಮಹಡಿ ಮೆಟ್ಟಿಲಿನ ಕಟಕಟೆ ಪೂರ್ತಿ ಹೋಗಿತ್ತು. ಚಿತ್ರವಿಲ್ಲ, ತುಂಡಿಲ್ಲ, ಅಜ್ಜಿಗೆ ನೆನಪೂ ಇಲ್ಲ. ಬಡಗಿ ಕಡೆದ ಬಳ್ಳಿಯ ಕೆತ್ತನೆ ಮಾಡಿಕೊಡುತ್ತೇನೆಂದರೂ, ಸಾದಾ ಮರದ ಕಂಬಿಗಳನ್ನೇ ಹಾಕಿಸಿ, ಹೊಸದಾಗಿ ಕೂರಿಸಿದ ಪ್ರತಿ ಮರದ ಕಾಣದ ಮೈಯಲ್ಲಿ ಇಸವಿಯನ್ನು ಕೊರೆಸಿದೆ. ಹತ್ತಾರು ವರ್ಷಗಳ ಮೇಲೆ ಇದನ್ನು ಬಿಚ್ಚುವವರಿಗೆ ಯಾವುದು ಮೂಲದ್ದು, ಯಾವುದು ನಮ್ಮದು ಎಂದು ಗೊತ್ತಾಗಲಿ ಎಂದು.

ಪುಸ್ತಕದ ಎರಡು ನೆರಳಚ್ಚು ಪ್ರತಿಗಳನ್ನು ಎರಡೂ ಕವಲಿನವರಿಗೆ ಕಳಿಸಿದೆ. ಅಣ್ಣನ ಕಡೆಯವರು ತಮ್ಮ ಪ್ರತಿಯಲ್ಲಿ ಕೆಲವು ಹೆಸರುಗಳನ್ನು ತಿದ್ದಿ, ಹಿಂಗೋಣೆಯ ಹಳೆಯ ಚಿತ್ರವೊಂದನ್ನು ಸೇರಿಸಿ ಮರಳಿಸಿದ್ದಾರೆ. ಚಿತ್ರದಲ್ಲಿ ಆ ಕೋಣೆಗೆ ಈಗಿಲ್ಲದ ಒಂದು ಬಾಗಿಲಿದೆ. ಆ ಗೋಡೆಯ ಗಿಲಾವನ್ನು ನಾವು ಮುಟ್ಟಿಲ್ಲವಾದ್ದರಿಂದ ಅದನ್ನು ಮುಂದಿನ ಬೇಸಿಗೆಯಲ್ಲಿ ನೋಡಬಹುದು.