ಧಾರವಾಡದ ಮಳೆಗಾಲದಲ್ಲಿ ಗ್ಯಾಲಿಯಂ ಶುದ್ಧೀಕರಣ: ನನ್ನ ಅನುಭವ

ಗ್ಯಾಲಿಯಂ ಎಂಬ ಲೋಹ ಕರಗಲು ಕುಲುಮೆ ಬೇಡ, 29.76 ಡಿಗ್ರಿ ಸೆಲ್ಸಿಯಸ್ ಸಾಕು. ಧಾರವಾಡದ ಏಪ್ರಿಲ್‌ನಲ್ಲಿ ಮಧ್ಯಾಹ್ನವಾಗುತ್ತಲೇ ಸೀಸೆಯೊಳಗೆ ತಾನೇ ನೀರಾಗುತ್ತದೆ. ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಅದು ಬೇಕಾದದ್ದು ಉಷ್ಣಮಾಪಕಗಳನ್ನು ಪರೀಕ್ಷಿಸಲು. 1990ರ ಅಂತರರಾಷ್ಟ್ರೀಯ ತಾಪಮಾನ ಮಾನದಂಡದಲ್ಲಿ ಗ್ಯಾಲಿಯಂನ ಕರಗುವ ಬಿಂದು, ಅಂದರೆ 29.7646 ಡಿಗ್ರಿ, ನಿಗದಿತ ಗುರುತುಗಳಲ್ಲಿ ಒಂದು. ಲೋಹ ಶುದ್ಧವಾಗಿದ್ದರೆ ಮಾತ್ರ ಆ ಗುರುತಿಗೆ ಬೆಲೆ. ನಮ್ಮಲ್ಲಿದ್ದದ್ದು ಹಲವು ವರ್ಷಗಳ ಪ್ರಯೋಗಗಳಲ್ಲಿ ತವರ, ಸತು, ಇಂಡಿಯಂಗಳನ್ನೆಲ್ಲ ಒಳಗೆ ಸೇರಿಸಿಕೊಂಡು ಬೂದುಬಣ್ಣಕ್ಕೆ ತಿರುಗಿದ ಲೋಹ.

ಅದನ್ನು ಚೆಲ್ಲಲು ನನಗೆ ಮನಸ್ಸು ಬರಲಿಲ್ಲ. ಗ್ಯಾಲಿಯಂಗೆಂದೇ ಗಣಿ ತೋಡುವುದು ತೀರಾ ಅಪರೂಪ. ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್ ತೆಗೆಯುವಾಗ ಕ್ಷಾರದ್ರಾವಣದಲ್ಲಿ ಚೂರುಪಾರು ಸೇರುವುದನ್ನೇ ಹಿಡಿಯಬೇಕು. ಜಗತ್ತಿನ ಕಚ್ಚಾ ಗ್ಯಾಲಿಯಂನ ಬಹುಪಾಲು ಚೀನಾದ್ದು, 2023ರ ಆಗಸ್ಟ್‌ನಲ್ಲಿ ಆ ದೇಶ ಅದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಎಲ್‌ಇಡಿ ದೀಪ, ಮೊಬೈಲ್‌ನ ವೇಗದ ಚಾರ್ಜರ್, ರೇಡಾರ್ ಎಲ್ಲದಕ್ಕೂ ಬೇಕಾದ ವಸ್ತುವಿದು.

ಮೊದಲು ತೊಳೆದೆ. ಪ್ಲಾಸ್ಟಿಕ್ ಬೀಕರಿನಲ್ಲಿ ಲೋಹವನ್ನು ಬಿಸಿನೀರಿನ ಶಾಖಕ್ಕೆ ಕರಗಿಸಿ, ಕಿಟಕಿ ತೆರೆದಿಟ್ಟು, ಕೈಗವಸು, ಕನ್ನಡಕ ಧರಿಸಿ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಸುರಿದೆ. ಸುಕ್ಕುಗಟ್ಟಿದ್ದ ಆಕ್ಸೈಡ್ ಪೊರೆ ಕರಗಿದ್ದೇ ತಡ, ಬೀಕರಿನ ಗೋಡೆಗೆ ಅಂಟಿಕೊಂಡಿದ್ದ ಲೋಹ ಮೈಮುದುಡಿ ದುಂಡಗಾಗಿ, ಮುಖ ಕಾಣುವಷ್ಟು ಹೊಳೆಯಿತು. ಈ ಹಂತದಲ್ಲಿ ಸತು ಬಹುಮಟ್ಟಿಗೆ ಹೋಗುತ್ತದೆ. ತವರ, ಇಂಡಿಯಂ ಜಗ್ಗುವುದಿಲ್ಲ.

ಅವನ್ನು ಹೊರಹಾಕಲು ಹರಳುಗಟ್ಟಿಸಬೇಕು. ಗ್ಯಾಲಿಯಂ ನಿಧಾನವಾಗಿ ಗಟ್ಟಿಯಾಗುವಾಗ ಬೇರೆ ಲೋಹದ ಪರಮಾಣುಗಳನ್ನು ತನ್ನ ಸಾಲಿಗೆ ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ. ಅವು ದ್ರವದಲ್ಲೇ ಹಿಂದುಳಿಯುತ್ತವೆ. ಫ್ರಿಜ್ಜಿನಲ್ಲಿಟ್ಟು ಅವಸರ ಮಾಡಿದರೆ ಆ ಕೊಳಕು ದ್ರವ ಹರಳುಗಳ ಸಂದಿಯಲ್ಲೇ ಸಿಕ್ಕಿಬೀಳುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಆದ್ದರಿಂದ ನಾನು ಶ್ರಾವಣದವರೆಗೆ ಕಾದೆ. ಜಿಟಿಜಿಟಿ ಮಳೆಯ ಆ ದಿನಗಳಲ್ಲಿ ಧಾರವಾಡದ ಕೋಣೆಯೊಳಗಿನ ತಾಪಮಾನ ಹಗಲು ರಾತ್ರಿ ಹೆಚ್ಚು ಏರಿಳಿಯದೆ 25 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ನೀರು ತುಂಬಿ ಬೀಕರನ್ನು ಅದರಲ್ಲಿಟ್ಟರೆ ಕರೆಂಟ್ ಹೋದರೂ ಚಿಂತೆಯಿಲ್ಲ. ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ದುಡ್ಡು ಕೊಟ್ಟು ಮಾಡಿಸಬೇಕಿತ್ತು.

ಇಷ್ಟಾದರೂ ಗ್ಯಾಲಿಯಂ ತಾನಾಗಿ ಗಟ್ಟಿಯಾಗದು. ಕರಗುವ ಬಿಂದುವಿಗಿಂತ ಎಷ್ಟೋ ಕೆಳಗಿಳಿದರೂ ದ್ರವವಾಗಿಯೇ ಇರುವುದು ಅದರ ಹಠ. ಹಾಲಿಗೆ ಹೆಪ್ಪು ಹಾಕಿದಂತೆ, ಅತ್ಯಂತ ಶುದ್ಧವಾದ ಗಟ್ಟಿ ಗ್ಯಾಲಿಯಂನ ಒಂದು ಚೂರನ್ನು ಹಾಕಬೇಕು. ಆ ಚೂರಿನ ಅಂಚಿನಿಂದ ನೇರ ಗೆರೆಗಳ, ಚೂಪು ಮೂಲೆಗಳ ಮೆಟ್ಟಿಲುಗಳು ಮೂಡಿ ಹರಡತೊಡಗುತ್ತವೆ. ನಯವಾದ ದ್ರವದ ಮೇಲೆ ನಸುನೀಲಿ ಹೊಳಪಿನ ಮುಖಗಳು ಎದ್ದು ನಿಲ್ಲುತ್ತವೆ. ಘನ ಗ್ಯಾಲಿಯಂ ತನ್ನ ದ್ರವಕ್ಕಿಂತ ಹಗುರ, ಹಾಗಾಗಿ ಹರಳು ಮೇಲೇ ಇರುತ್ತದೆ. ಮುಕ್ಕಾಲು ಪಾಲು ಗಟ್ಟಿಯಾದಾಗ ಉಳಿದ ದ್ರವವನ್ನು ಬಸಿದೆ. ಇಲ್ಲಿ ಜಿಪುಣತನ ಸಲ್ಲದು. ಕೊನೆಯ ಕಾಲುಭಾಗದಲ್ಲೇ ಕಲ್ಮಶದ ಬಹುಪಾಲು ಸೇರಿರುತ್ತದೆ. ಹರಳನ್ನು ಮತ್ತೆ ಕರಗಿಸಿ, ಮತ್ತೆ ತೊಳೆದು, ಮತ್ತೆ ಹೆಪ್ಪು ಹಾಕುತ್ತ ಹೋದೆ.

ಶುದ್ಧವಾಯಿತೆಂದು ತಿಳಿದದ್ದು ಪ್ಲಾಟಿನಂ ಉಷ್ಣಮಾಪಕದಿಂದ. ಕೊಳೆಯಿದ್ದಾಗ ಲೋಹ ಕರಗುತ್ತಿರುವಷ್ಟು ಹೊತ್ತೂ ಅಂಕಿ ಮೆಲ್ಲಗೆ ಮೇಲೇರುತ್ತಿತ್ತು. ಶುದ್ಧವಾದ ಮೇಲೆ ಪೂರ್ತಿ ಕರಗುವವರೆಗೂ ಒಂದೇ ಕಡೆ ನಿಂತಿತು.

ಗಟ್ಟಿಯಾಗುವಾಗ ಗ್ಯಾಲಿಯಂ ಸುಮಾರು ಶೇಕಡ 3ರಷ್ಟು ಹಿಗ್ಗುತ್ತದೆ, ಗಾಜಿನ ಸೀಸೆ ಒಡೆಯಬಹುದು. ನಾನು ಮೆತ್ತನೆಯ ಪ್ಲಾಸ್ಟಿಕ್ ಸೀಸೆಯಲ್ಲಿ, ಮೇಲೆ ಜಾಗ ಬಿಟ್ಟು ಇಡುತ್ತೇನೆ. ಅಲ್ಯುಮಿನಿಯಂ ತಟ್ಟೆಗಳನ್ನಂತೂ ಆ ಮೇಜಿನಿಂದಲೇ ತೆಗೆಸಿದ್ದೇನೆ, ಏಕೆಂದರೆ ಗ್ಯಾಲಿಯಂ ಅದರ ಕಣಗಳ ನಡುವೆ ನುಸುಳಿ ಕೈಯಲ್ಲೇ ಮುರಿಯುವಷ್ಟು ಪೆಡಸು ಮಾಡುತ್ತದೆ. ಬಸಿದಿಟ್ಟ ದ್ರವದಲ್ಲಿ ತವರ, ಇಂಡಿಯಂ ಹೆಚ್ಚಾಗಿರುವುದರಿಂದ ಅದು ಡಿಸೆಂಬರ್ ಬೆಳಗಿನಲ್ಲೂ ಪೂರ್ತಿ ಗಟ್ಟಿಯಾಗುವುದಿಲ್ಲ. ಶಾಖ ಚೆನ್ನಾಗಿ ದಾಟಲೆಂದು ತಾಮ್ರದ ಅಚ್ಚಿಗೂ ಉಷ್ಣಮಾಪಕಕ್ಕೂ ನಡುವೆ ಅದನ್ನೇ ಸವರುತ್ತಿದ್ದೇವೆ.