ಅಬಾಕಸ್‌ನಲ್ಲಿ ಬಿರುಕು ಅರ್ಧಕ್ಕೇ ನಿಂತಾಗ

ಕಲಬುರಗಿ ಕಡೆ ಮನೆಗಳಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಗೊತ್ತಲ್ವಾ? ಅದರ ಚಪ್ಪಡಿ ನಡುವೆ ಭಾರ ಬಿದ್ದರೆ ಹೇಗೆ ಸೀಳುತ್ತದೆ ಅಂತ ಅಬಾಕಸ್‌ನಲ್ಲಿ ನೋಡುತ್ತಿದ್ದೆ. ಇದು ಮಣಿಚೌಕಟ್ಟಲ್ಲ, ವಸ್ತುಗಳ ಮೇಲೆ ಭಾರ ಬಿದ್ದರೆ ಏನಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಾಫ್ಟ್‌ವೇರ್. ವಿಧಾನ ಎಕ್ಸ್‌ಫೆಮ್ (ಎಕ್ಸ್‌ಟೆಂಡೆಡ್ ಫೈನೈಟ್ ಎಲಿಮೆಂಟ್ ಮೆಥಡ್). ಲೆಕ್ಕಕ್ಕಾಗಿ ಕಲ್ಲನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳ ಬಲೆಯಾಗಿ, ಅಂದರೆ ಮೆಶ್ ಆಗಿ, ಭಾಗಿಸಿರುತ್ತಾರೆ. ಇದರಲ್ಲಿ ಬಿರುಕು ಎಲಿಮೆಂಟ್ ಒಳಗಿಂದಲೇ ಹಾದುಹೋಗುತ್ತದೆ, ಪ್ರತಿ ಸಲ ಮೆಶ್ ಬದಲಿಸುವ ರಗಳೆ ಇಲ್ಲ. ಆದರೆ ಬಿರುಕು ಶುರುವಾದ ಕೂಡಲೇ ‘ಟೂ ಮೆನಿ ಅಟೆಂಪ್ಟ್ಸ್’ (ಪ್ರಯತ್ನ ಅತಿಯಾಯಿತು) ಎಂದು ರನ್ ನಿಂತುಬಿಡುತ್ತಿತ್ತು.

ತೊಡಕು ಇದ್ದದ್ದು ಭಾರ ಕೊಡುವ ರೀತಿಯಲ್ಲಿ. ಬಿರುಕು ಬಿಟ್ಟ ಕಲ್ಲು ಮೊದಲಿನಷ್ಟು ಹೊರುವುದಿಲ್ಲ. ಆಗಲೂ ಭಾರ ಏರಿಸುತ್ತಲೇ ಹೋಗು ಅಂದರೆ ಸಾಫ್ಟ್‌ವೇರ್ ತಾನೇ ಏನು ಮಾಡೀತು? ಭಾರ ತೆಗೆದು, ಚಪ್ಪಡಿಯನ್ನು ನಡುವೆ ಒತ್ತುವ ಮೇಲಿನ ರೋಲರ್‌ಗೆ ಕೆಳಮುಖವಾಗಿ 0.5 ಮಿ.ಮೀ. ಡಿಸ್‌ಪ್ಲೇಸ್‌ಮೆಂಟ್ ಕೊಟ್ಟೆ, ಅಂದರೆ ಅಷ್ಟು ದೂರ ಸರಿ ಅಂತ ಹೇಳಿದೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಉಳಿದರ್ಧಕ್ಕೆ, ಕಲ್ಲು ಸೀಳುವಾಗ ಲೆಕ್ಕ ಹಳಿ ತಪ್ಪದಂತೆ ನೋಡುವ ಡ್ಯಾಮೇಜ್ ಸ್ಟೆಬಿಲೈಸೇಶನ್‌ನಲ್ಲಿ ವಿಸ್ಕಾಸಿಟಿ (ಕೃತಕ ತಡೆ) 0.00001 ಹಾಕಿದೆ. ಜಾಸ್ತಿ ಹಾಕಿದರೆ ರನ್ ಸಲೀಸು, ಆದರೆ ಕಲ್ಲು ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಸುಮ್ನೆ ಮೋಸ. ಒಂದು ಇನ್‌ಕ್ರಿಮೆಂಟ್‌ಗೆ, ಅಂದರೆ ಲೆಕ್ಕದ ಒಂದು ಸಣ್ಣ ಹೆಜ್ಜೆಗೆ, ಡೀಫಾಲ್ಟಾಗಿ 5 ಪ್ರಯತ್ನ ಇರುತ್ತದೆ, ಅದನ್ನು 20ಕ್ಕೆ ಏರಿಸಿದೆ.

ರನ್ ಮುಗಿದರೂ ಬಿರುಕು ಕಾಣುತ್ತಿಲ್ಲವಾ? ಯಾವ ಫಲಿತಾಂಶ ಉಳಿಸಬೇಕು ಅಂತ ಆರಿಸುವ ಫೀಲ್ಡ್ ಔಟ್‌ಪುಟ್‌ನಲ್ಲಿ ಪಿಎಚ್‌ಐಎಲ್‌ಎಸ್‌ಎಂ (ಬಿರುಕು ಎಲ್ಲಿದೆ ಅಂತ ಹೇಳುವುದು), ಸ್ಟೇಟಸ್‌ಎಕ್ಸ್‌ಫೆಮ್ (ಎಲಿಮೆಂಟ್ ಎಷ್ಟು ಸೀಳಿದೆ ಅಂತ ಹೇಳುವುದು) ಎರಡನ್ನೂ ಟಿಕ್ ಮಾಡಿ, ಮತ್ತೆ ಓಡಿಸಿ.