ಕರ್ತೃವಿನ ಬೆನ್ನಿಗೆ ಬೀಳುವ ‘ನೇ’: ಎರ್ಗೆಟಿವ್ ವಾಕ್ಯಗಳನ್ನು ನಾನು ಹುಡುಕಿದ ಬಗೆ

ಹಿಂದಿ ಕಲಿಯುವ ಕನ್ನಡಿಗರನ್ನು ಕಾಡುವ ಸಂಗತಿಗಳು ಮುಖ್ಯವಾಗಿ ಎರಡು. ರೊಟ್ಟಿ ಹೆಣ್ಣು, ಅನ್ನ ಗಂಡು ಎಂಬ ಲಿಂಗಭೇದ ಒಂದು. ಕರ್ತೃವಿನ ಬೆನ್ನಿಗೆ ಕೆಲವೊಮ್ಮೆ ಬಂದು ಕೆಲವೊಮ್ಮೆ ಬಾರದೆ ಇರುವ ‘ನೇ’ ಇನ್ನೊಂದು. ‘ರಾಮ್ ಆಯಾ’ ಸರಿ. ಆದರೆ ‘ರಾಮ್ ರೋಟೀ ಖಾಯಾ’ ಎಂದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ‘ರಾಮ್ ನೇ ರೋಟೀ ಖಾಯೀ’ ಅನ್ನಬೇಕು. ತಿಂದವನು ಗಂಡಸು, ಕ್ರಿಯಾಪದ ಮಾತ್ರ ರೊಟ್ಟಿಯ ಲಿಂಗವನ್ನು ಹಿಡಿದು ‘ಖಾಯೀ’ ಆಗುತ್ತದೆ. ಅಂದರೆ ಈ ಎರಡು ತೊಡಕುಗಳು ನಿಜಕ್ಕೂ ಒಂದೇ ಗಂಟು.

ನಾನು ಹಿಂದಿ ಪಾಠ ಮಾಡುತ್ತಿದ್ದವಳು, ಆಮೇಲೆ ಭಾಷಾವಿಜ್ಞಾನಕ್ಕೆ ಬಂದವಳು. ಈ ಗಂಟನ್ನು ಬಿಡಿಸಲು ಹೊರಟು, ನಿಪ್ಪಾಣಿ ಕಡೆಯ ಮರಾಠಿ, ಮಂಗಳೂರಿನ ಕೊಂಕಣಿ, ಕಲಬುರಗಿಯ ದಖನಿ (ದಕ್ಷಿಣದ ಉರ್ದು) ಮಾತಾಡುವವರ ಮನೆಗಳಲ್ಲಿ ಕೂತು ವಾಕ್ಯಗಳನ್ನು ಕೇಳಿ ಬರೆದುಕೊಂಡೆ. ಅದರ ಜತೆಜತೆಗೇ ಯೂರೋಪಿನ ಬಾಸ್ಕ್, ಆಸ್ಟ್ರೇಲಿಯಾದ ಡಿರ್ಬಲ್ ಭಾಷೆಗಳ ವ್ಯಾಕರಣಗಳನ್ನು ಓದಿದೆ. ಇಂಥದೇ ಕೆಲಸಕ್ಕೆ ಇಳಿಯುವವರಿಗೆ ನೆರವಾಗಲಿ ಎಂದು, ಮಾಡಿದ್ದು ಹೇಗೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ವಿಷಯ ಏನು ಎಂದು ಹೇಳಿಬಿಡುತ್ತೇನೆ. ‘ಹುಡುಗ ಬಂದ’, ‘ಹುಡುಗ ಮಡಕೆಯನ್ನು ಒಡೆದ’ ಎಂಬ ಎರಡು ವಾಕ್ಯಗಳಲ್ಲಿ ಮೂರು ಪಾತ್ರಗಳಿವೆ: ಬಂದವನು, ಒಡೆದವನು, ಮಡಕೆ. ಕನ್ನಡ ಬಂದವನನ್ನೂ ಒಡೆದವನನ್ನೂ ಒಂದೇ ರೂಪದಲ್ಲಿಟ್ಟು, ಮಡಕೆಗೆ ಮಾತ್ರ ‘ಅನ್ನು’ ಹಚ್ಚುತ್ತದೆ. ಎರ್ಗೆಟಿವ್ ಎನಿಸಿಕೊಳ್ಳುವ ವ್ಯವಸ್ಥೆಯಲ್ಲಿ ಬಂದವನೂ ಮಡಕೆಯೂ ಒಂದು ಗುಂಪು, ಒಡೆದವನು ಮಾತ್ರ ಬೇರೆ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಯಲ್ಲಿ ‘ಗಿಸೋನಾ ಎತೊರ್ರಿ ದಾ’ ಎಂದರೆ ಗಂಡಸು ಬಂದ. ‘ಗಿಸೋನಾಕ್ ಓಗಿಯಾ ಯಾನ್ ದು’ ಎಂದರೆ ಗಂಡಸು ಬ್ರೆಡ್ ತಿಂದ. ಎರಡನೆಯದರಲ್ಲಿ ಗಂಡಸಿಗೆ ‘ಕ್’ ಸೇರಿತು, ಸಹಾಯಕ ಕ್ರಿಯಾಪದವೂ ‘ದಾ’ ಹೋಗಿ ‘ದು’ ಆಯಿತು.

ಎಲ್ಲರೂ ವಿಭಕ್ತಿ ಪ್ರತ್ಯಯದಿಂದ ಶುರು ಮಾಡುತ್ತಾರೆ. ನನ್ನ ಅನುಭವದಲ್ಲಿ ಕ್ರಿಯಾಪದದಿಂದ ಶುರು ಮಾಡುವುದೇ ಒಳ್ಳೆಯದು. ಸಕರ್ಮಕ, ಅಕರ್ಮಕ ಎಂದು ಶಾಲೆಯಲ್ಲಿ ಕಲಿತ ಭೇದ ಭಾಷೆಯಿಂದ ಭಾಷೆಗೆ ಬೇರೆಬೇರೆ ಜಾಗದಲ್ಲಿ ಗೆರೆ ಎಳೆದುಕೊಂಡಿರುತ್ತದೆ. ಕನ್ನಡದ್ದನ್ನೇ ನೋಡಿ. ‘ಒಡೆ’, ‘ಮುರಿ’ ಎರಡೂ ಕಡೆ ನಡೆಯುತ್ತವೆ: ಗಾಜು ಒಡೆಯಿತು, ಗಾಜು ಒಡೆದ. ‘ಕುದಿ’, ‘ಒಣಗು’ಗಳಿಗೆ ‘ಇಸು’ ಸೇರಬೇಕು. ‘ಸಾಯು’ವಿಗೆ ಜೋಡಿ ‘ಕೊಲ್ಲು’ ಎಂಬ ಬೇರೆಯೇ ಪದ. ಬಾಗಿಲು ತಾನಾಗಿ ತೆರೆದರೆ ‘ತೆರೆದುಕೊಂಡಿತು’ ಎನ್ನುತ್ತೇವೆ. ಹಿಂದಿಯಲ್ಲಿ ಇದೇ ಕೆಲಸವನ್ನು ಎಷ್ಟೋ ಕಡೆ ಸ್ವರ ಮಾಡುತ್ತದೆ: ಖುಲ್ನಾ-ಖೋಲ್ನಾ. ಕೆಲವೊಮ್ಮೆ ವ್ಯಂಜನವೂ ಬದಲಾಗುತ್ತದೆ: ಟೂಟ್ನಾ-ತೋಡ್ನಾ. ಇಂಥ ಜೋಡಿಗಳ ಪಟ್ಟಿ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಒಂದೇ ಮಡಕೆ ಒಮ್ಮೆ ತಾನಾಗಿ ಒಡೆಯುತ್ತದೆ, ಇನ್ನೊಮ್ಮೆ ಯಾರೋ ಒಡೆಯುತ್ತಾರೆ, ಎರಡೂ ವಾಕ್ಯಗಳಲ್ಲಿ ಮಡಕೆಯ ರೂಪ ಏನಾಯಿತು ಎಂದು ನೇರವಾಗಿ ನೋಡಬಹುದು. ಮರಾಠಿಯಲ್ಲಿ ‘ಮಡಕಂ ಫುಟಲಂ’, ‘ತ್ಯಾನಂ ಮಡಕಂ ಫೋಡಲಂ’. ಮಡಕೆ ಕದಲಲಿಲ್ಲ. ಎರಡೂ ಕಡೆ ಅದೇ ರೂಪ, ಕ್ರಿಯಾಪದವೂ ಎರಡೂ ಕಡೆ ಮಡಕೆಯ ನಪುಂಸಕಲಿಂಗವನ್ನೇ ಹಿಡಿದಿದೆ. ಎರ್ಗೆಟಿವ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ವಾಕ್ಯಗಳನ್ನು ಬರೆದು ತೋರಿಸುತ್ತೇನೆ.

ವಾಕ್ಯ ಕೇಳುವಾಗ ಕರ್ತೃವಿನ ಲಿಂಗವೂ ಕರ್ಮದ ಲಿಂಗವೂ ಬೇರೆ ಇರಲೇಬೇಕು. ‘ಹುಡುಗ ಮಾವಿನಹಣ್ಣು ತಿಂದ’ ಎಂದು ಮರಾಠಿಯಲ್ಲಿ ಕೇಳಿದರೆ ಏನೂ ತಿಳಿಯುವುದಿಲ್ಲ, ಎರಡೂ ಪುಲ್ಲಿಂಗ. ಮಂಗಳೂರಿನ ಕ್ರೈಸ್ತ ಮನೆಯ ಹೆಂಗಸೊಬ್ಬರು ತಾನು ಹೋದೆ ಎನ್ನಲು ‘ಹಾಂವ್ ಗೆಲಿಂ’ ಎನ್ನುತ್ತಾರೆ, ಹೆಣ್ಣಿನ ರೂಪ. ಅವರೇ ಮಾವಿನಹಣ್ಣು ತಿಂದೆ ಎನ್ನುವಾಗ ‘ಹಾಂವೆಂ ಆಂಬೊ ಖೆಲೊ’. ಮಾವು ಗಂಡಾದ್ದರಿಂದ ‘ಖೆಲೊ’. ಜತೆಗೆ ‘ಹಾಂವ್’ ಹೋಗಿ ‘ಹಾಂವೆಂ’ ಆದದ್ದನ್ನು ಗಮನಿಸಿ. ‘ನಾನು’ ಎಂಬ ಸರ್ವನಾಮವೇ ರೂಪ ಬದಲಿಸಿತು. ನಿಪ್ಪಾಣಿಯ ಮರಾಠಿ ಮಾವಶಿ ಮಾತ್ರ ‘ಮೀ ಪೋಳೀ ಖಾಲ್ಲೀ’ (ನಾನು ಚಪಾತಿ ತಿಂದೆ) ಎಂದು ‘ಮೀ’ಯನ್ನು ಹಾಗೇ ಇಟ್ಟುಕೊಳ್ಳುತ್ತಾರೆ, ಆದರೆ ಅವರ ಗಂಡ ಹೇಳಿದರೂ ಅದು ‘ಖಾಲ್ಲೀ’ಯೇ, ಪೋಳಿ ಹೆಣ್ಣಲ್ಲವೆ. ‘ನೀನು’ ಬಂದರೆ ಇನ್ನೂ ಚೆಂದ: ‘ತೂ ಆಂಬಾ ಖಾಲ್ಲಾಸ್’. ‘ಖಾಲ್ಲಾ’ದವರೆಗೆ ಮಾವಿನ ಲಿಂಗ, ಕೊನೆಯ ‘ಸ್’ ತಿಂದ ನಿನ್ನದು. ಒಂದೇ ಕ್ರಿಯಾಪದ ಇಬ್ಬರಿಗೂ ಲೆಕ್ಕ ಒಪ್ಪಿಸುತ್ತಿದೆ.

ನಾನು-ನೀನುಗಳಿಗೆ ಒಂದು ನಿಯಮ, ಉಳಿದವರಿಗೆ ಇನ್ನೊಂದು ಎಂಬುದು ಮರಾಠಿಯ ಸ್ವಂತ ಹಟವಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿ ಭಾಷೆಗಳಲ್ಲಿ ಇದು ಧಾರಾಳವಾಗಿ ಕಾಣುತ್ತದೆ. ಭಾಷಾವಿಜ್ಞಾನಿ ಮೈಕಲ್ ಸಿಲ್ವರ್‌ಸ್ಟೀನ್ 1976ರಲ್ಲಿ ಇದಕ್ಕೊಂದು ಶ್ರೇಣಿಯನ್ನೇ ತೋರಿಸಿದರು. ಮಾತಾಡುವವನು, ಕೇಳುವವನು ಮೇಲೆ. ಮನುಷ್ಯರು, ಪ್ರಾಣಿಗಳು, ವಸ್ತುಗಳು ಕ್ರಮವಾಗಿ ಕೆಳಗೆ. ಮೇಲಿನವರು ಕರ್ತೃ ಆಗುವುದು ನಿರೀಕ್ಷಿತವಾದ್ದರಿಂದ ಅವರಿಗೆ ಗುರುತು ಬೇಕಿಲ್ಲ, ಕೆಳಗಿನವು ಕರ್ತೃ ಆದಾಗ ಗುರುತು ಬೇಕು. ಕೊಂಕಣಿಯ ‘ಹಾಂವೆಂ’ ಈ ಶ್ರೇಣಿಯ ತುದಿಯಲ್ಲಿದ್ದೂ ಗುರುತು ಹೊತ್ತು ನಿಂತಿದೆ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ವಿಶೇಷ ಪ್ರೀತಿ.

ಕಾಲವನ್ನೂ ಬದಲಿಸಿ ಕೇಳಬೇಕು. ‘ರಾಮ್ ರೋಟೀ ಖಾತಾ ಹೈ’ ಎಂಬಲ್ಲಿ ‘ನೇ’ ಇಲ್ಲ, ಕ್ರಿಯಾಪದ ರಾಮನದೇ. ಕೆಲಸ ಮುಗಿದ ವಾಕ್ಯದಲ್ಲಿ ಮಾತ್ರ ಎಲ್ಲ ತಿರುಗುತ್ತದೆ. ಕಾರಣ ಸಂಸ್ಕೃತ ಓದಿದವರಿಗೆ ತಟ್ಟನೆ ಹೊಳೆಯುತ್ತದೆ: ‘ರಾಮಃ ಗತಃ’, ಆದರೆ ‘ರಾಮೇಣ ಫಲಂ ಖಾದಿತಮ್’. ಈ ಕೃದಂತ ರೂಪವೇ ಮುಂದೆ ಭೂತಕಾಲದ ಮಾಮೂಲಿ ಕ್ರಿಯಾಪದವಾಗಿ ಬೆಳೆಯಿತು, ಕರ್ತೃ ಬೇರೆ ವಿಭಕ್ತಿಯಲ್ಲೇ ಉಳಿದ. ಹಾಗಾದರೆ ‘ರಾಮ್ ನೇ ರೋಟೀ ಖಾಯೀ’ ಎಂಬುದು ‘ರಾಮನಿಂದ ರೊಟ್ಟಿ ತಿನ್ನಲ್ಪಟ್ಟಿತು’ ಎಂಬ ಕರ್ಮಣಿ ಪ್ರಯೋಗವೇ? ಈಗ ಅಲ್ಲ. ‘ರಾಮ್ ನೇ ಅಪ್ನೀ ಕಿತಾಬ್ ಪಢೀ’ ಎಂದರೆ ‘ಅಪ್ನೀ’ (ತನ್ನ) ರಾಮನ ಕಡೆಗೇ ಕೈ ತೋರಿಸುತ್ತದೆ. ವಾಕ್ಯದ ಯಜಮಾನ ಅವನೇ.

ಇದನ್ನು ಪರೀಕ್ಷಿಸಲು ಕನ್ನಡಿಗರ ಕೈಯಲ್ಲಿ ಬಹಳ ಒಳ್ಳೆಯ ಉಪಕರಣವೊಂದಿದೆ: ‘ಬಂದು ನೋಡಿದ’, ‘ಹೋಗಿ ತಂದ’ ಎಂದು ಎರಡು ಕೆಲಸಗಳನ್ನು ಪೋಣಿಸುವ ರೀತಿ. ‘ಅಪ್ಪ ಬಂದು ಅಮ್ಮನನ್ನು ನೋಡಿದ’ ಎಂದಾಗ ಬಂದವನೂ ನೋಡಿದವನೂ ಅಪ್ಪನೇ. ಹಿಂದಿಯಲ್ಲೂ ‘ರಾಮ್ ನೇ ಘರ್ ಆಕರ್ ಖಾನಾ ಖಾಯಾ’ ಎಂದರೆ ಬಂದದ್ದೂ ತಿಂದದ್ದೂ ರಾಮನೇ, ‘ನೇ’ ಇದ್ದರೂ. ಮೇಲೆ ವಿಭಕ್ತಿ ಎರ್ಗೆಟಿವ್, ಒಳಗಿನ ವಾಕ್ಯರಚನೆ ಕನ್ನಡದಂತೆಯೇ.

ಡಿರ್ಬಲ್ ಹಾಗಲ್ಲ. ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡಿನ ಈ ಭಾಷೆಯನ್ನು ಆರ್. ಎಂ. ಡಬ್ಲ್ಯೂ. ಡಿಕ್ಸನ್ 1963ರಿಂದ ಅಲ್ಲಿನವರ ಜತೆ ಕೂತು ದಾಖಲಿಸಿ, 1972ರಲ್ಲಿ ವ್ಯಾಕರಣ ಪ್ರಕಟಿಸಿದರು. ಅಲ್ಲಿ ‘ಙುಮ’ ಅಪ್ಪ, ‘ಯಬು’ ಅಮ್ಮ, ‘ಬನಗನ್ಯು’ ಹಿಂದಿರುಗು, ‘ಬುರನ್’ ನೋಡು. ಸಕರ್ಮಕ ವಾಕ್ಯದ ಕರ್ತೃವಿನ ಗುರುತು ‘ಙ್ಗು’. ‘ಙುಮ ಬನಗನ್ಯು ಯಬುಙ್ಗು ಬುರನ್’ ಎಂದರೆ ಅಪ್ಪ ಹಿಂದಿರುಗಿದ, ಅಮ್ಮ ಅವನನ್ನು ನೋಡಿದಳು. ‘ಅವನನ್ನು’ ಎಂಬ ಪದ ಅಲ್ಲಿಲ್ಲ. ಹಿಂದಿರುಗಿದ ಅಪ್ಪನೇ ಮುಂದಿನ ವಾಕ್ಯಾಂಶದ ಕರ್ಮವಾಗಿ ತಾನಾಗಿ ಬಂದು ಕೂರುತ್ತಾನೆ. ಕನ್ನಡದಲ್ಲಿ ‘ಅಪ್ಪ ಬಂದು ಅಮ್ಮ ನೋಡಿದಳು’ ಎಂದು ಹೇಳಿ ನೋಡಿ, ನಾಲಿಗೆ ತಡೆಯುತ್ತದೆ. ಅಪ್ಪನೇ ಬಂದು ಅಪ್ಪನೇ ಅಮ್ಮನನ್ನು ನೋಡಿದ ಎನ್ನಬೇಕಾದರೆ ಡಿರ್ಬಲ್ ಮಾತಾಡುವವರು ಕ್ರಿಯಾಪದವನ್ನೇ ಅಕರ್ಮಕವಾಗಿ ಇಳಿಸುತ್ತಾರೆ: ‘ಙುಮ ಬನಗನ್ಯು ಬುರಲ್ಙನ್ಯು ಯಬುಗು’. ‘ಙ’ ಸೇರಿದ ಕೂಡಲೇ ಅಪ್ಪ ಅಕರ್ಮಕದ ಕರ್ತೃವಾದ, ಅಮ್ಮ ಚತುರ್ಥಿಗೆ ಸರಿದಳು. ಇಡೀ ವಾಕ್ಯದ ತೂಕ ಕರ್ಮದ ಮೇಲೆ ಕೂತಿರುವ ಭಾಷೆ ಇದು. ಓದುತ್ತ ಓದುತ್ತ ನನಗೆ ನನ್ನ ಭಾಷೆಯ ‘ಬಂದು’ ಎಷ್ಟು ನಿಯಮ ಹೊತ್ತಿದೆ ಎಂಬುದು ಮೊದಲ ಬಾರಿಗೆ ಕಂಡಿತು.

ಇನ್ನು ಸಕರ್ಮಕತ್ವ. ಇದು ಹೌದು-ಇಲ್ಲ ಎಂಬ ಗುಣವಲ್ಲ, ಹೆಚ್ಚು-ಕಡಿಮೆ ಆಗುವ ಗುಣ ಎಂದು ಪಾಲ್ ಹಾಪರ್ ಮತ್ತು ಸಾಂಡ್ರಾ ಥಾಂಪ್ಸನ್ 1980ರಲ್ಲಿ 10 ಅಂಶಗಳನ್ನಿಟ್ಟು ವಾದಿಸಿದರು. ಕೆಲಸ ಮುಗಿಯಿತೆ, ಬೇಕೆಂದೇ ಮಾಡಿದ್ದೆ, ಕರ್ಮಕ್ಕೆ ಎಷ್ಟು ತಟ್ಟಿತು ಮುಂತಾದವು ಅವುಗಳಲ್ಲಿ ಸೇರಿವೆ. ನಾನು ಅದನ್ನು ಕನ್ನಡದಲ್ಲೇ ತಾಳೆ ನೋಡಿದೆ. ‘ನಾಯಿಗೆ ಹೊಡೆದ’ ಎನ್ನುತ್ತೇವೆ, ಏಟು ಬಿತ್ತು, ನಾಯಿ ಓಡಿಹೋಯಿತು. ‘ಹಾವನ್ನು ಹೊಡೆದರು’ ಎಂದರೆ ಹಾವು ಸತ್ತಿದೆ. ಕ್ರಿಯಾಪದ ಒಂದೇ, ಏಟು ಕರ್ಮವನ್ನು ಪೂರ್ತಿ ಮುಗಿಸಿದಾಗ ದ್ವಿತೀಯೆ, ಮುಟ್ಟಿ ಬಿಟ್ಟಾಗ ಚತುರ್ಥಿ. ‘ಒದ್ದ’, ‘ಬೈದ’ಗಳೂ ಎಷ್ಟೋ ಸಲ ‘ಗೆ’ ಬೇಡುತ್ತವೆ, ‘ಕೊಂದ’ ಎಂದೂ ಬೇಡುವುದಿಲ್ಲ. ಹಿಂದಿ ಕರ್ತೃವಿನ ಮೇಲೆ ತೋರಿಸುವ ಲೆಕ್ಕದಲ್ಲಿ ಒಂದಷ್ಟನ್ನು ಕನ್ನಡ ಕರ್ಮದ ಮೇಲೆ ತೋರಿಸುತ್ತದೆ.

ಬೇಕೆಂದೇ ಮಾಡಿದ್ದೋ ಎಂಬುದನ್ನು ಕೇಳುವುದಕ್ಕೆ ಕೆಮ್ಮು ಬಹಳ ಒಳ್ಳೆಯದು. ಹಿಂದಿಯಲ್ಲಿ ಕೆಮ್ಮುವುದು ಅಕರ್ಮಕ, ಆದರೂ ‘ರಾಮ್ ಖಾಂಸಾ’, ‘ರಾಮ್ ನೇ ಖಾಂಸಾ’ ಎರಡೂ ಉಂಟು. ಯಾವುದು ಸರಿ ಎಂದು ಕೇಳಿದರೆ ಜನ ಶಾಲೆಯ ವ್ಯಾಕರಣ ನೆನಪಿಸಿಕೊಂಡು ಉತ್ತರ ಕೊಡುತ್ತಾರೆ. ಆದ್ದರಿಂದ ನಾನು ಸಂದರ್ಭ ಹೇಳುತ್ತೇನೆ. ಒಬ್ಬನಿಗೆ ನೆಗಡಿ. ಇನ್ನೊಬ್ಬ ಬಾಗಿಲ ಹೊರಗೆ ನಿಂತು, ಒಳಗಿನವರಿಗೆ ತಾನು ಬಂದದ್ದು ತಿಳಿಯಲೆಂದು ಕೆಮ್ಮುತ್ತಾನೆ. ಎರಡನೆಯವನಿಗೆ ‘ನೇ’ ಬರುವ ಸಂಭವ ಹೆಚ್ಚು, ಎಲ್ಲರ ಬಾಯಲ್ಲೂ ಅಲ್ಲ. ಕನ್ನಡ ಇದನ್ನೇ ‘ನನಗೆ ಕೆಮ್ಮು ಬಂತು’, ‘ನಾನು ಕೆಮ್ಮಿದೆ’ ಎಂದು ಬೇರ್ಪಡಿಸುತ್ತದೆ. ಬಾಸ್ಕ್‌ನಲ್ಲಿ ನೀರು ಕುದಿಯಿತು ಎನ್ನುವಾಗ ನೀರಿಗೇ ಎರ್ಗೆಟಿವ್ ‘ಕ್’ ಬರುತ್ತದೆ: ‘ಉರಾಕ್ ಇರಾಕಿನ್ ದು’. ಬರೀ ಇಚ್ಛೆಯಿಂದ ಎಲ್ಲವನ್ನೂ ವಿವರಿಸಹೊರಟವರು ಈ ನೀರಿನ ಮುಂದೆ ನಿಲ್ಲಬೇಕಾಗುತ್ತದೆ.

ಹಿಂದಿಯ ಅಪವಾದಗಳನ್ನು ಬಾಯಿಪಾಠ ಮಾಡಿಸುವ ರೂಢಿ ನನಗೆ ಹಿಡಿಸುವುದಿಲ್ಲ, ಬಹಳಷ್ಟಕ್ಕೆ ಕಾರಣವಿದೆ. ‘ಲಾನಾ’ ಸಕರ್ಮಕವಾದರೂ ‘ನೇ’ ತೆಗೆದುಕೊಳ್ಳದು, ಏಕೆಂದರೆ ಅದು ‘ಲೇ ಆನಾ’ದಿಂದ ಬಂದದ್ದು; ‘ತೆಗೆದುಕೊಂಡು ಬಾ’ ಎಂಬಲ್ಲಿ ‘ಬಾ’ ಎಂಬ ಅಕರ್ಮಕದ್ದೇ ಕಾರುಬಾರು. ಇದೇ ತರ್ಕದಲ್ಲಿ ‘ಉಸ್ ನೇ ಖಾ ಲಿಯಾ’, ಆದರೆ ‘ವಹ್ ಖಾ ಗಯಾ’. ತಿಂದದ್ದು ಎರಡರಲ್ಲೂ ಅವನೇ, ಕೊನೆಯ ಕ್ರಿಯಾಪದ ಯಾವುದೋ ಅದರ ಮಾತು ನಡೆಯುತ್ತದೆ. ಕನ್ನಡದಲ್ಲಿ ತಿಂದುಬಿಟ್ಟ, ತಿಂದುಹಾಕಿದ, ಏನೇ ಬರಲಿ, ‘ಅವನು’ ಅವನೇ.

ದಖನಿಯ ಮಾತಿಗೆ ಬರುತ್ತೇನೆ. ಕಲಬುರಗಿಯ ಖಾಲಾ ತಾನು ಮಾವು ತಿಂದದ್ದನ್ನು ‘ಮೈಂ ಆಮ್ ಖಾಯೀ’ ಎನ್ನುತ್ತಾರೆ. ‘ನೇ’ ಇಲ್ಲ, ಕ್ರಿಯಾಪದ ತಿಂದವಳ ಲಿಂಗದಲ್ಲಿದೆ. ಉತ್ತರದ ಉರ್ದುವಿನ ಕಿವಿಗೆ ಇದು ತಪ್ಪು. ಆದರೆ ದಖನಿ ಶತಮಾನಗಳ ಕಾಲ ಕನ್ನಡ, ತೆಲುಗುಗಳ ಮಗ್ಗುಲಲ್ಲಿ ಬಾಳಿದ ಭಾಷೆ. ಈ ಎರಡರಲ್ಲೂ ಬಂದವನಿಗೂ ತಿಂದವನಿಗೂ ಭೇದವಿಲ್ಲ, ದಖನಿಯೂ ಆ ದಾರಿ ಹಿಡಿಯಿತು. ‘ನಕೋ’ (ಬೇಡ) ಎಂಬುದನ್ನು ಮರಾಠಿಯಿಂದ ‘ನಕ್ಕೋ’ ಎಂದು ತೆಗೆದುಕೊಂಡ ಭಾಷೆ, ಮರಾಠಿಯ ಎರ್ಗೆಟಿವ್ ರಚನೆಯಿಂದ ಮಾತ್ರ ದೂರ ಸರಿಯಿತು. ಬೆಂಗಳೂರಿನ ಹುಡುಗ ಹಿಂದಿ ತರಗತಿಯಲ್ಲಿ ‘ರಾಮ್ ರೋಟೀ ಖಾಯಾ’ ಎಂದರೆ ಅವನು ಮಾಡುತ್ತಿರುವುದೂ ಇದನ್ನೇ. ಅದನ್ನು ಅಲಕ್ಷ್ಯವೆಂದು ಬೈಯುವವರ ಜತೆ ನನ್ನ ಜಗಳ ಇದ್ದದ್ದೇ.

ಡಿರ್ಬಲ್‌ನಲ್ಲೂ ಇಂಥದೊಂದು ನಡೆದಿದೆ. ಆನೆಟ್ ಷ್ಮಿಟ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಎಳೆಯರ ಮಾತಿನಲ್ಲಿ ಎರ್ಗೆಟಿವ್ ಸವೆದುಹೋಗುತ್ತಿದ್ದುದು ವ್ಯಕ್ತಿ ವ್ಯಕ್ತಿಯ ಮಟ್ಟದಲ್ಲಿ ದಾಖಲಾಗಿದೆ. ಅಲ್ಲಿ ಇಂಗ್ಲಿಷು ಡಿರ್ಬಲ್ ಭಾಷೆಯನ್ನೇ ನುಂಗುತ್ತಿತ್ತು. ದಖನಿ ಬದಲಾಗಿಯೂ ಗಟ್ಟಿಯಾಗಿ ಉಳಿದಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಒಂದು ಭಾಷೆ ಎರ್ಗೆಟಿವ್ ಹೌದೋ ಅಲ್ಲವೋ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಯಾವ ಕ್ರಿಯಾಪದದಲ್ಲಿ, ಯಾವ ಕಾಲದಲ್ಲಿ, ಯಾರು ಕರ್ತೃವಾದಾಗ ಎಂದು ಕೇಳುತ್ತೇನೆ. ಈಗ ಅದೇ ಪಟ್ಟಿ ಹಿಡಿದು ಕಲಬುರಗಿಯ ದಖನಿ ಮನೆಗಳಲ್ಲಿ ಅಜ್ಜಿಯನ್ನೂ ಉರ್ದು ಶಾಲೆಗೆ ಹೋಗುವ ಮೊಮ್ಮಗಳನ್ನೂ ಒಟ್ಟಿಗೆ ಕೂರಿಸಿಕೊಂಡು ಕೇಳುತ್ತಿದ್ದೇನೆ. ಶಾಲೆಯ ‘ನೇ’ ಮೊಮ್ಮಗಳ ಮನೆಮಾತಿಗೆ ಇಳಿಯುವುದಾದರೆ ಮೊದಲು ಎಲ್ಲಿಗೆ ಬರುತ್ತದೆ, ‘ತೋಡ್ನಾ’ದಂಥ ಕರ್ಮವನ್ನೇ ಮುರಿದುಹಾಕುವ ಕ್ರಿಯಾಪದಕ್ಕೋ, ‘ದೇಖ್ನಾ’ದಂಥ ಮುಟ್ಟದೆ ಹೋಗುವ ಕ್ರಿಯಾಪದಕ್ಕೋ ಎಂಬುದು ನನ್ನ ಸದ್ಯದ ಪ್ರಶ್ನೆ.